ಮೂಲೆ ತುಂಡು

ಅಜ್ಜಿಗೆ ಒಂದೇ ಕೈಯಲ್ಲಿ ಮೊಟ್ಟೆ ಒಡೆಯಲು ಬರುತ್ತಿತ್ತು. ಎರಡು ಕೈಯಲ್ಲೂ ಒಂದೊಂದು ಹಿಡಿದು ಬಟ್ಟಲಿನ ಅಂಚಿಗೆ ಟಕ್ಕೆಂದು ತಟ್ಟಿದರೆ ಮುಗಿಯಿತು, ಒಳಗಿನದು ಬಟ್ಟಲಿಗೆ, ಚಿಪ್ಪು ಬುಟ್ಟಿಗೆ. ಒಂದು ಚೂರು ಚಿಪ್ಪಾದರೂ ತಪ್ಪಿ ಬಿದ್ದದ್ದನ್ನು ಕಂಡವರಿಲ್ಲ. ಬೀದಿಯ ತಿರುವಿನಲ್ಲಿದ್ದ ಅವರ ಬೇಕರಿಗೆ ಬ್ರೆಡ್ಡು ಕೊಳ್ಳಲು ಬಂದವರು ಆ ಕೈಚಳಕ ನೋಡುತ್ತ ನಿಂತು, ಕೊಂಡ ಬ್ರೆಡ್ಡನ್ನೇ ಮರೆತು ಹೋಗುತ್ತಿದ್ದುದೂ ಉಂಟು. ಓವನ್ನಿನ ಮುಂದೆ ಅಜ್ಜ, ಬಟ್ಟಲಿನ ಮುಂದೆ ಅಜ್ಜಿ. ಜೀವಮಾನದ ಮುಕ್ಕಾಲು ಭಾಗ ಹೀಗೇ ಕಳೆದುಹೋಗಿತ್ತು.

ಅಜ್ಜನದು ಒಂದು ಕಟ್ಟುನಿಟ್ಟಿತ್ತು. ಯಾವ ತಟ್ಟೆ ಓವನ್ನಿನಿಂದ ಇಳಿದರೂ ಅದರ ಒಂದು ಮೂಲೆಯ ತುಂಡನ್ನು ಮಾಡಿದವರೇ ಮೊದಲು ತಿನ್ನಬೇಕು. ಅದೂ ಒಳಗೆಲ್ಲೋ ಗೋಡೆಗೆ ಮುಖ ಮಾಡಿಕೊಂಡಲ್ಲ, ಗಲ್ಲಾಪೆಟ್ಟಿಗೆಯ ಪಕ್ಕ ನಿಂತು, ಗಿರಾಕಿಗಳ ಎದುರಿಗೆ. ಆಮೇಲೆಯೇ ಉಳಿದದ್ದನ್ನು ಕತ್ತರಿಸಿ ಗಾಜಿನ ಕಪಾಟಿನಲ್ಲಿಡುವುದು. ಮೈಗೆ ಹುಷಾರಿಲ್ಲದ ದಿನವೂ, ಬಾಯಿಗೆ ಏನೂ ಬೇಡವೆನಿಸಿದ ದಿನವೂ ಅಜ್ಜಿ ಆ ತುಂಡನ್ನು ಅಗಿದು ನುಂಗಿದ್ದಳು. ಮೊಮ್ಮಗಳು ಮಾತು ಕಲಿಯುವ ಹೊತ್ತಿಗೆ ಇನ್ನೊಂದು ಮೂಲೆಗೂ ಒಡತಿ ಹುಟ್ಟಿಕೊಂಡಳು. ಸ್ಟೂಲಿನ ಮೇಲೆ ನಿಂತು, ಅಜ್ಜಿ ನುಂಗುವವರೆಗೆ ಕಾದು, ಆಮೇಲೆ ಬಾಯಿ ತೆರೆಯುವಳು. ಬಾಯಿ ತೆರೆದುಕೊಂಡು ಕಾಯುವ ಆ ಚಂದಕ್ಕೇ ಅವಳಿಗೆ ಗುಬ್ಬಿ ಎಂಬ ಹೆಸರು ಅಂಟಿಕೊಂಡದ್ದು.

ಅಜ್ಜ ತೀರಿಕೊಂಡ ಮೇಲೆ ಬೇಕರಿ ಮುಚ್ಚಿತು. ಈಗ ಅಲ್ಲಿ ಮೊಬೈಲು ರಿಪೇರಿ ಅಂಗಡಿ. ಮನೆಗೆ ಬಂದದ್ದು ಒಂದು ಸಣ್ಣ ಕರೆಂಟು ಓವನ್ನು, ನಾಲ್ಕೈದು ತಗಡಿನ ತಟ್ಟೆಗಳು, ಆ ಸ್ಟೂಲು. ಮಗ ಬಸ್ಸು ಓಡಿಸುತ್ತಾನೆ, ಸೊಸೆ ಒಂದು ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ. ಇಬ್ಬರಿಗೂ ಪಾಳಿ ಕೆಲಸವಾದ್ದರಿಂದ ಅಡುಗೆಮನೆ ಬಹುಮಟ್ಟಿಗೆ ಅಜ್ಜಿಯ ವಶದಲ್ಲೇ ಇತ್ತು. ಗುಬ್ಬಿ ಕಾಲೇಜು ಸೇರಿದ್ದಳು. ರೆಕ್ಕೆ ಬಲಿತಿತ್ತು, ಕೊಕ್ಕೂ ಬಲಿತಿತ್ತು.

ಆ ವರ್ಷ ಕಾಲೇಜಿನವರು ಮಕ್ಕಳನ್ನು ಒಂದು ದೊಡ್ಡ ಹಾಲಿನ ಫಾರಂಗೆ ಕರೆದೊಯ್ದರು. ಯಂತ್ರಗಳು ಹಾಲು ಕರೆಯುವುದನ್ನು ಉಳಿದವರು ಬಾಯಿಬಿಟ್ಟು ನೋಡುತ್ತಿದ್ದಾಗ, ಗುಬ್ಬಿ ಹಿಂದಿನ ಕೊಟ್ಟಿಗೆಗೆ ಹೋಗಿ ತಾಯಿಯಿಂದ ಬೇರೆ ಮಾಡಿ ಕಟ್ಟಿದ್ದ ಕರುಗಳನ್ನು ಕಂಡು ಬಂದಳು. ಒಂದು ಕರು ಅವಳ ಬೆರಳನ್ನೇ ಬಾಯಿಗೆ ತೆಗೆದುಕೊಂಡು ಚೀಪಿತಂತೆ. ಅವತ್ತಿನಿಂದ ಹಾಲು, ಬೆಣ್ಣೆ, ಮೊಟ್ಟೆ ಎಲ್ಲವನ್ನೂ ಬಿಟ್ಟಳು. ತಾನಿನ್ನು ವೀಗನ್ ಎಂದು ಊಟದ ಮೇಜಿನಲ್ಲಿ ಕಡ್ಡಿ ಮುರಿದಂತೆ ಹೇಳಿದಳು. ಅದೇನು ಹೊಸ ಕಾಯಿಲೆಯೇ ಎಂದು ಅಪ್ಪ ತಮಾಷೆ ಮಾಡಿದ. ಎರಡು ದಿನದ ಹುರುಪು ಎಂದುಕೊಂಡಳು ಅಮ್ಮ.

ಅದು ಎರಡು ದಿನದ್ದಾಗಿರಲಿಲ್ಲ. ಸೂಪಿಗೆ ಬೆಣ್ಣೆ ಹಾಕಿದ್ದೀರಾ, ಬ್ರೆಡ್ಡಿಗೆ ಹಾಲಿನ ಪುಡಿ ಸೇರಿದೆಯಾ, ಚಮಚ ಯಾವುದರಲ್ಲಿ ಅದ್ದಿದ್ದು ಎಂದು ದಿನವೂ ವಿಚಾರಣೆ ನಡೆಯಿತು. ಒಂದು ಸಂಜೆ ಅಜ್ಜಿಗೂ ತಾಳ್ಮೆ ತಪ್ಪಿತು. ಈ ಕೈ ಮಾಡಿದ್ದನ್ನು ತಿಂದೇ ಬೆಳೆದವಳು ನೀನು, ಈಗ ಅದೇ ಕೈಗೆ ಮೂಗು ಮುರಿಯುತ್ತೀಯಾ ಎಂದಳು.

ಗುಬ್ಬಿ ಚಮಚ ಕೆಳಗಿಟ್ಟಳು. "ಕರುವಿನ ಬಾಯಿಂದ ಕಿತ್ಕೊಂಡಿದ್ದನ್ನೇ ಅಲ್ವಾ ಅಜ್ಜಿ, ನೀನೂ ಅಜ್ಜನೂ ಜೀವಮಾನ ಪೂರ್ತಿ ಮಾರಿದ್ದು?"

ಮಗ ಗದರಿದ. ಸೊಸೆ ಮಗಳ ಭುಜ ಹಿಡಿದು ಅಲುಗಿಸಿದಳು. ತನ್ನನ್ನೊಬ್ಬಳನ್ನೇ ಅಂದಿದ್ದರೆ ಅಜ್ಜಿ ನುಂಗಿಕೊಳ್ಳುತ್ತಿದ್ದಳೇನೋ. ಓವನ್ನಿನ ಬಿಸಿಗೆ ಹುಬ್ಬು ಸುಟ್ಟುಕೊಂಡು ದುಡಿದ, ಈಗ ಎದುರುತ್ತರ ಕೊಡಲಾರದ ಆ ಮನುಷ್ಯನನ್ನು ಎಳೆದು ತಂದದ್ದು ಅವಳ ಹೊಟ್ಟೆ ಉರಿಸಿತು. ತಟ್ಟೆ ತೊಳೆದಿಟ್ಟು ಹೋಗಿ ಮಲಗಿದಳು. ಅಲ್ಲಿಂದಾಚೆಗೆ ಅಜ್ಜಿ ಮೊಮ್ಮಗಳ ನಡುವೆ ಮಾತು ಬೇಕಾದಷ್ಟಕ್ಕೆ ನಿಂತಿತು. ಬಾಗಿಲು ಹಾಕು, ಲೈಟು ಆರಿಸು, ಅಷ್ಟೇ.

ಗುಬ್ಬಿ ತನ್ನ ಪಾಡಿಗೆ ತಾನು ಬೇಯಿಸಿಕೊಳ್ಳತೊಡಗಿದಳು. ಬೇಯಿಸಿದ ಕಡಲೆ, ಆಲೂಗಡ್ಡೆ, ಬಾಳೆಹಣ್ಣು. ಆದರೆ ಬೇಕರಿಯ ಸಕ್ಕರೆ ಅವಳ ನಾಲಿಗೆಯನ್ನೂ ಬಿಟ್ಟಿರಲಿಲ್ಲ. ಒಂದು ಭಾನುವಾರ ಕೋಕೋ, ಮೈದಾ, ಎಣ್ಣೆ ಹರಡಿಕೊಂಡು ಬ್ರೌನಿ ಮಾಡಲು ನಿಂತಳು. ಅಜ್ಜಿ ಅಲ್ಲೇ ಕುರ್ಚಿಯಲ್ಲಿ ಕೂತು ಬೀನ್ಸು ಬಿಡಿಸುತ್ತಿದ್ದಳು. ಹುಡುಗಿ ಹಿಟ್ಟನ್ನು ನಾದುವಂತೆ ತಿರುವುತ್ತಿದ್ದಳು, ಓವನ್ನಿನ ಬಾಗಿಲನ್ನು ಗಳಿಗೆಗೊಮ್ಮೆ ತೆರೆದು ಇಣುಕುತ್ತಿದ್ದಳು, ಕೊನೆಗೆ ಹೊಗೆಯಾಡುತ್ತಿದ್ದ ತಟ್ಟೆಗೇ ಚಾಕು ಹಾಕಿದಳು. ಒಂದೊಂದು ತಪ್ಪಿಗೂ ಅಜ್ಜಿಯ ನಾಲಿಗೆ ತುದಿಗೆ ಮಾತು ಬಂದು ಬಂದು ವಾಪಸು ಹೋಯಿತು. ಹೇಳಬಾರದೆಂದು ಹಟ ಹಿಡಿದು ಕೂತವಳಿಗೆ ಬೀನ್ಸಿನ ನಾರು ಯಾವುದು, ಕಾಯಿ ಯಾವುದು ಎಂಬುದೂ ತಿಳಿಯಲಿಲ್ಲ. ನಾರೆಲ್ಲ ಪಾತ್ರೆಗೆ ಬಿದ್ದಿತ್ತು.

ಬ್ರೌನಿ ಇಟ್ಟಿಗೆಯಾಗಿತ್ತು. ಅಪ್ಪ ಒಂದು ತುಂಡನ್ನು ಮೇಜಿಗೆ ಕುಟ್ಟಿ ನೋಡಿ, ಇಳಿಜಾರಿನಲ್ಲಿ ಬಸ್ಸು ನಿಲ್ಲಿಸಿದಾಗ ಗಾಲಿಗೆ ಒತ್ತಲು ಇಟ್ಟುಕೊಳ್ಳುತ್ತೇನೆ, ಕೊಡು ಎಂದ. ಗುಬ್ಬಿ ನಕ್ಕಳು. ನಗುತ್ತ ನಗುತ್ತಲೇ ಅಳು ಬಂತು, ಎದ್ದು ಕೋಣೆಗೆ ಹೋದಳು. ಇಡೀ ತಟ್ಟೆಯನ್ನು ಅಜ್ಜಿಯೇ ಕಸಕ್ಕೆ ಸುರಿದಳು. ಅಷ್ಟು ಕೋಕೋ ಹಾಳಾದದ್ದಕ್ಕೆ ಮರುಕವೋ, ಹುಡುಗಿಯ ಮೇಲಿನ ಮರುಕವೋ, ಅವಳಿಗೇ ಗೊತ್ತಾಗಲಿಲ್ಲ.

ಮುಂದಿನ ವಾರ ಗುಬ್ಬಿ ಕಾಲೇಜಿನ ಮೆಟ್ಟಿಲ ಬಳಿ ತಲೆ ತಿರುಗಿ ಬಿದ್ದಳು. ಲಾಂಡ್ರಿಗೆ ಫೋನು ಬಂದು, ಸೊಸೆ ಇಸ್ತ್ರಿಯನ್ನು ಹಾಗೇ ಬಿಟ್ಟು ಓಡಿದಳು. ಡಾಕ್ಟರು ನೋಡಿ, ರಕ್ತ ಕಡಿಮೆಯಿದೆ, ಹುಡುಗಿ ಸರಿಯಾಗಿ ತಿನ್ನುತ್ತಿಲ್ಲ, ಏನು ತಿನ್ನಬೇಕೆಂದು ಬರೆದುಕೊಡುತ್ತೇನೆ ಎಂದು ಮಾತ್ರೆ ಕೊಟ್ಟು ಕಳಿಸಿದರು. ಆ ರಾತ್ರಿಯ ಊಟದ ಹೊತ್ತಿಗೆ ಗಂಡಹೆಂಡಿರ ಜಗಳ ಬೀದಿಗೆ ಕೇಳಿಸುವಂತಿತ್ತು. ನೀವು ತಮಾಷೆ ಮಾಡಿ ಮಾಡಿ ಅವಳ ಹಟ ಬೆಳೆಸಿದಿರಿ ಎಂದು ಅವಳು, ನೀನು ಮನೆಯಲ್ಲಿದ್ದು ನೋಡಿಕೊಂಡಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಇವನು. ಮನೆಯಲ್ಲಿ ಕೂತರೆ ಮನೆ ನಡೆಯುವುದು ಹೇಗೆ ಎಂದು ಮತ್ತೆ ಅವಳು. ಗುಬ್ಬಿ ಎಲ್ಲವನ್ನೂ ಕೇಳಿಸಿಕೊಂಡು, ಕಡಲೆಯ ಬಟ್ಟಲನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಮರುದಿನ ಬೆಳಿಗ್ಗೆ ಸೊಸೆ ಅಡುಗೆಮನೆಗೆ ಬಂದು ಬಾಗಿಲು ಮುಂದೆ ಮಾಡಿಕೊಂಡಳು.

"ಅತ್ತೆ, ಅವಳಿಗೆ ಆ ಬ್ರೌನಿ ಮೇಲೆ ಆಸೆ ಇದೆ. ನೀವು ಮಾಡಿಕೊಡಿ. ಬೆಣ್ಣೆ, ಮೊಟ್ಟೆ ಹಾಕಿಯೇ ಮಾಡಿ. ನಿಮ್ಮ ಕೈಲಾದ್ರೆ ಗೊತ್ತಾಗದ ಹಾಗೆ ಮಾಡ್ಬಹುದು."

"ಇಲ್ಲದ್ದನ್ನ ಇದೆ ಅಂತ, ಇದ್ದದ್ದನ್ನ ಇಲ್ಲ ಅಂತ ಹೇಳಿ ನಾವು ಯಾವತ್ತೂ ಮಾರಿದವರಲ್ಲ ಕಣಮ್ಮ."

"ಇದು ಮಾರೋದಲ್ಲ. ಅವಳನ್ನ ಬೆಂಚಿನ ಮೇಲೆ ಮಲಗಿಸಿದ್ರು ಅತ್ತೆ. ತುಟಿ ಬಿಳಿಚಿಕೊಂಡಿತ್ತು. ನೀವು ನೋಡ್ಲಿಲ್ಲ, ನಾನು ನೋಡ್ದೆ."

ಸೊಸೆ ಅಳಲಿಲ್ಲ. ಅತ್ತಿದ್ದರೆ ಅಜ್ಜಿ ಸಮಾಧಾನ ಹೇಳಿ ಕಳಿಸುತ್ತಿದ್ದಳು. ಇಸ್ತ್ರಿಯ ಹಬೆಗೆ ಸದಾ ಕೆಂಪಾಗಿರುವ ಕೈಗಳನ್ನು ಒಂದಕ್ಕೊಂದು ಉಜ್ಜುತ್ತ ಅವಳು ನಿಂತೇ ಇದ್ದಳು. ಆ ಕೈಗಳನ್ನು ನೋಡಿ ಅಜ್ಜಿ ಒಪ್ಪಿಕೊಂಡಳು. ನಿಜ ಹೇಳಬೇಕೆಂದರೆ ಒಳಗೆಲ್ಲೋ ಇನ್ನೊಂದು ಆಸೆಯೂ ಇತ್ತು. ತನ್ನ ಕೈಯ ರುಚಿಯನ್ನು ಆ ಹುಡುಗಿ ಮತ್ತೊಮ್ಮೆ ಬೇಡಿ ತಿನ್ನಬೇಕೆಂಬ ಆಸೆ.

ಕೆಲಸ ಅವಳಿಗೆ ನೀರು ಕುಡಿದಷ್ಟು ಸುಲಭವಾಗಿತ್ತು. ಬೆಣ್ಣೆಯನ್ನು ಕಾಯಿಸಿ ನೊರೆ ತೆಗೆದು ತಿಳಿ ಮಾಡಿದಳು, ವಾಸನೆ ಮುಚ್ಚಲು ಬಿಸಿ ಕಾಫಿಯಲ್ಲಿ ಕೋಕೋ ಕಲಸಿದಳು, ಮೊಟ್ಟೆಯ ಚಿಪ್ಪನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕಸದ ಡಬ್ಬಿಯ ತಳಕ್ಕೆ ತಳ್ಳಿದಳು. ಸಂಜೆ ಗುಬ್ಬಿ ಬರುವಷ್ಟರಲ್ಲಿ ತಟ್ಟೆ ಆರಿತ್ತು. ಮೇಲೆ ಕಾಗದದಂಥ ಹೊಳೆಯುವ ಸಿಪ್ಪೆ, ಒಳಗೆ ಬೆರಳಿಗೆ ಅಂಟುವ ಮೆತ್ತಗಿನ ಕಪ್ಪು.

"ಇದರಲ್ಲಿ..." ಎಂದು ಹುಡುಗಿ ಅನುಮಾನದಿಂದ ನೋಡಿದಳು.

"ಎಣ್ಣೆ, ಕೋಕೋ, ಕಪ್ಪು ಚಾಕೊಲೇಟು. ಇನ್ನೇನಿದೆ ನೀನು ತಿನ್ನೋವಂಥದ್ದು?" ಎಂದಳು ಅಜ್ಜಿ.

ಗುಬ್ಬಿ ತಿಂದಳು. ಕಣ್ಣು ಮುಚ್ಚಿ ಇನ್ನೊಂದು ತಿಂದಳು. ಆಮೇಲೆ ಬೆರಳು ನೆಕ್ಕುತ್ತಲೇ ಬಂದು ಅಜ್ಜಿಯ ಕುತ್ತಿಗೆಗೆ ಜೋತುಬಿದ್ದಳು. ಅಷ್ಟೇ ಆಗಿದ್ದರೆ ಅಜ್ಜಿ ತಡೆದುಕೊಳ್ಳುತ್ತಿದ್ದಳು. ಆದರೆ ಹುಡುಗಿ ಅವಳ ಕಿವಿಯ ಹತ್ತಿರ, "ಅವತ್ತು ಅಜ್ಜನ ಬಗ್ಗೆ ಹಾಗೆ ಅನ್ಬಾರ್ದಿತ್ತು. ನೀನು ನನ್ನ ಮಾತಿಗೆ ಬೆಲೆ ಕೊಟ್ಟೆ, ನಾನು ನಿನಗೆ ಕೊಡ್ಲಿಲ್ಲ. ತಪ್ಪಾಯ್ತು ಅಜ್ಜಿ" ಎಂದಳು.

ಬೆನ್ನು ಸವರಲು ಅಜ್ಜಿ ಎತ್ತಿದ ಕೈ ಅಲ್ಲೇ ನಿಂತಿತು. ನೀನೂ ಮೂಲೆ ತುಂಡು ತಿನ್ನು ಎಂದು ಗುಬ್ಬಿ ಒಂದನ್ನು ಮುಂದೆ ಹಿಡಿದಾಗ, ಹಲ್ಲು ನೋಯುತ್ತಿದೆ ಎಂದು ಮುಖ ತಿರುಗಿಸಿದಳು. ಬೇಕರಿಯ ಕಾಲದಿಂದ ಆ ತುಂಡನ್ನು ಅವಳು ಬೇಡವೆಂದದ್ದು ಅದೇ ಮೊದಲು.

ಮನೆ ತಿಳಿಯಾಯಿತು. ಗುಬ್ಬಿ ಮತ್ತೆ ಮೇಜಿಗೆ ಬಂದಳು. ಮಾತ್ರೆಯ ಗುಣವೋ, ಡಾಕ್ಟರು ಬರೆದುಕೊಟ್ಟಂತೆ ಸೊಪ್ಪು ಕಾಳು ತಿಂದದ್ದರ ಗುಣವೋ, ಮುಖಕ್ಕೆ ಬಣ್ಣ ಬಂತು. ಸೊಸೆ ಮಾತ್ರ ಅದೆಲ್ಲ ಬೆಣ್ಣೆಯದೇ ಮಹಿಮೆ ಎಂದು ನಂಬಿದಳು. ವಾರ ವಾರವೂ ಒಂದು ತಟ್ಟೆ ಆಗಲೇಬೇಕು ಎಂದಳು. ಸೂಪಿಗೂ ಒಂದು ಚಮಚ ಬೆಣ್ಣೆ ಬಿಡಿ ಅತ್ತೆ ಎಂದಾಗ ಅಜ್ಜಿ ಸಿಡಿದಳು. ಒಂದು ಸುಳ್ಳಿಗೆ ಒಪ್ಪಿದ್ದೇನೆ, ಅಡುಗೆಮನೆ ತುಂಬ ಸುಳ್ಳು ಮಾಡಬೇಡ ಎಂದಳು. ಇತ್ತ ಗುಬ್ಬಿ ಬ್ರೌನಿಯನ್ನು ಡಬ್ಬಿಯಲ್ಲಿ ಹಾಕಿಕೊಂಡು ಕಾಲೇಜಿಗೆ ಒಯ್ಯತೊಡಗಿದಳು. ಮೊಟ್ಟೆಯಿಲ್ಲದೆ ಆಗುವುದಿಲ್ಲ ಎಂದವರ ಬಾಯಿ ಮುಚ್ಚಿಸಿದೆ, ನಮ್ಮಜ್ಜಿ ಮಾಡಿದ್ದು ಎಂದು ಹೇಳಿಕೊಂಡೆ ಎಂದು ಬಂದು ಹೇಳುವಳು. ಆ ಹೊಗಳಿಕೆ ಅಜ್ಜಿಗೆ ಮೈಮೇಲೆ ಬಿಸಿನೀರು ಬಿದ್ದಂತಾಗುತ್ತಿತ್ತು.

ಹೇಳಿಬಿಡಲೇ ಎಂದು ದಿನವೂ ಅನಿಸುತ್ತಿತ್ತು. ಹೇಳಿದರೆ ಈ ಹುಡುಗಿ ಇನ್ನು ತನ್ನ ಕೈಯ ಒಂದು ತುತ್ತನ್ನೂ ನಂಬಿ ಬಾಯಿಗಿಡುವುದಿಲ್ಲ. ಅದಿಲ್ಲದಿದ್ದರೆ ಈ ಮನೆಯಲ್ಲಿ ತನಗೆ ಉಳಿಯುವುದೇನು? ಹೇಳದಿದ್ದರೆ ಪ್ರತಿ ವಾರ ಅವಳ ಬಾಯಿಗೆ ಅವಳು ಬೇಡವೆಂದದ್ದನ್ನೇ ತುರುಕಿದ ಹಾಗೆ. ಹೀಗೆ ಒದ್ದಾಡುತ್ತ ಒಂದು ಮಧ್ಯಾಹ್ನ ಪಾತ್ರೆ ತೊಳೆಯುವಾಗ ಅವಳಿಗೆ ಮೂರನೆಯ ದಾರಿ ಹೊಳೆಯಿತು. ಯಾರಿಗೂ ಹೇಳದೆಯೇ ಸುಳ್ಳನ್ನು ನಿಜ ಮಾಡಿಬಿಡುವುದು. ಒಂದೊಂದು ವಾರವೂ ಬೆಣ್ಣೆ ಒಂದಿಷ್ಟು ಕಡಿಮೆ, ಮೊಟ್ಟೆ ಒಂದು ಕಡಿಮೆ. ಅವಳಿಗೆ ತಿಳಿಯದ ಹಾಗೆ ಇಳಿಸುತ್ತ ಇಳಿಸುತ್ತ ಒಂದು ದಿನ ತಟ್ಟೆಯಲ್ಲಿರುವುದು ಅವಳು ನಂಬಿದ್ದೇ ಆಗಿರಬೇಕು. ಬೇಕರಿಯ ಹೆಂಗಸಿನ ತಲೆಗಲ್ಲದೆ ಇನ್ನಾರ ತಲೆಗೂ ಇಂಥ ಯೋಚನೆ ಬರುತ್ತಿರಲಿಲ್ಲ. ತಪ್ಪು ಮಾಡಿದವರು ಒಪ್ಪಿಕೊಳ್ಳುತ್ತಾರೆ, ಇಲ್ಲವೆ ಮುಚ್ಚಿಡುತ್ತಾರೆ. ಇವಳು ಅದನ್ನು ಹದಕ್ಕೆ ತರಲು ಹೊರಟಳು.

ಬೆಣ್ಣೆ ಹೊರಟುಹೋಗುವುದು ಕಷ್ಟವಾಗಲಿಲ್ಲ. ಎಣ್ಣೆಯಲ್ಲಿ ಚಾಕೊಲೇಟು ಕರಗಿಸಿದರೆ ಅರ್ಧ ಕೆಲಸ ಆಯಿತು. ಮೊಟ್ಟೆ ಮಾತ್ರ ಜಪ್ಪಯ್ಯ ಎಂದರೂ ಜಾಗ ಬಿಡಲಿಲ್ಲ. ಯಾರೂ ಇಲ್ಲದ ಮಧ್ಯಾಹ್ನಗಳಲ್ಲಿ ಅಜ್ಜಿ ಬೇರೆಯಾಗಿ ಸಣ್ಣ ತಟ್ಟೆಗಳಲ್ಲಿ ಮಾಡಿ ನೋಡಿದಳು. ಬಾಳೆಹಣ್ಣು ಹಾಕಿದರೆ ಬಾಳೆಹಣ್ಣಿನದೇ ಕಾರುಬಾರು. ಅಗಸೆ ಬೀಜ ಅರೆದು ಹಾಕಿದರೆ ಮೆತ್ತಗಾಯಿತು, ಮೇಲಿನ ಹೊಳಪು ಬರಲಿಲ್ಲ. ಕೆಟ್ಟದ್ದನ್ನೆಲ್ಲ ಮಗ ಡಿಪೋಗೆ ಒಯ್ದ. ಅಮ್ಮನಿಗೆ ಹಳೆಯ ಹುಚ್ಚು ಮರುಕಳಿಸಿದೆ ಎಂದುಕೊಂಡು ಕಂಡಕ್ಟರುಗಳ ಜೊತೆ ಹಂಚಿಕೊಂಡು ತಿಂದ.

ಕೊನೆಗೆ ದಾರಿ ತೋರಿಸಿದ್ದು ಗುಬ್ಬಿಯದೇ ಪಾತ್ರೆ. ಅವಳು ಬೇಯಿಸಿದ ಕಡಲೆಯನ್ನು ಸೋಸಿಕೊಂಡು, ನೀರನ್ನು ಸಿಂಕಿನ ಪಕ್ಕ ಬಿಟ್ಟು ಕಾಲೇಜಿಗೆ ಓಡಿದ್ದಳು. ಆರಿದ ಮೇಲೆ ಆ ನೀರು ಮೊಟ್ಟೆಯ ಬಿಳಿಯ ಹಾಗೆ ಲೋಳೆಲೋಳೆಯಾಗಿ ನಿಂತಿತ್ತು. ಚೆಲ್ಲಲು ಹೋದ ಅಜ್ಜಿ ಬೆರಳದ್ದಿ ಎಳೆ ನೋಡಿದಳು. ಬಟ್ಟಲಿಗೆ ಸುರಿದು ಕಡೆಗೋಲಿನಲ್ಲಿ ಹೊಡೆಯುತ್ತ ಹೋದಳು. ತೋಳು ಸೋತಿತು, ಮತ್ತೆ ಹೊಡೆದಳು. ಬೆಳ್ಳಗೆ ನೊರೆ ಎದ್ದಿತು. ಸಕ್ಕರೆ ಹಾಕಿ ಹೊಡೆದ ಮೇಲಂತೂ ಬಟ್ಟಲು ಬೋರಲು ಹಾಕಿದರೂ ಬೀಳದಷ್ಟು ಗಟ್ಟಿಯಾಗಿ ನಿಂತಿತು. ಇಷ್ಟು ವರ್ಷ ಬೇಕರಿ ನಡೆಸಿ ಇದನ್ನು ಕಾಣದೆ ಹೋದೆವಲ್ಲ ಎಂದು ಅಜ್ಜಿ ಅಜ್ಜನ ಫೋಟೋದ ಕಡೆಗೆ ನೋಡಿ ಗಟ್ಟಿಯಾಗಿಯೇ ಹೇಳಿದಳು.

ಆ ಭಾನುವಾರ ಹಾಲಿಲ್ಲ, ಬೆಣ್ಣೆಯಿಲ್ಲ, ಮೊಟ್ಟೆಯಿಲ್ಲ. ತಟ್ಟೆಗೂ ಎಣ್ಣೆಯನ್ನೇ ಸವರಿದಳು. ಓವನ್ನಿನಿಂದ ಇಳಿಸಿ, ಪೂರ್ತಿ ಆರಲು ಬಿಟ್ಟು, ಎಲ್ಲರೂ ಮೇಜಿಗೆ ಬಂದ ಮೇಲೆ ತಟ್ಟೆ ತಂದಿಟ್ಟಳು. ಮೊದಲು ಮೂಲೆ ತುಂಡು ಕತ್ತರಿಸಿದಳು. ಎಲ್ಲರ ಎದುರಿಗೆ ನಿಂತು ತಿಂದಳು. ಹಲ್ಲುನೋವು ಹೋಯ್ತೇನಮ್ಮ ಎಂದು ಮಗ ಕೇಳಿದ. ಹೋಯ್ತು ಎಂದಳು. ಎಷ್ಟೋ ವಾರಗಳಿಂದ ಎದೆಯ ಮೇಲಿದ್ದ ಭಾರ ಇಳಿದು ಹೋಗಿತ್ತು. ಇನ್ನು ಯಾರಿಗೂ ಏನೂ ಹೇಳಬೇಕಾಗಿಲ್ಲ, ಹಳೆಯದು ಹಳೆಯದರ ಜೊತೆ ಹೋಯಿತು ಎಂದುಕೊಂಡಳು.

ಗುಬ್ಬಿ ಒಂದು ತುಂಡು ಬಾಯಿಗಿಟ್ಟಳು. ಅಗಿದಳು. ನಿಧಾನವಾಗಿ ಇನ್ನೊಂದು ಸಲ ಕಚ್ಚಿದಳು.

"ಚೆನ್ನಾಗಿದೆ. ಆದ್ರೆ ಮೊದಲಿನಷ್ಟು ಇಲ್ಲ ಅಜ್ಜಿ. ಏನೋ ಕಡಿಮೆ ಆಗಿದೆ ಇವತ್ತು. ಮೊದಮೊದಲು ಮಾಡ್ತಿದ್ದೆಯಲ್ಲ, ಹಾಗೇ ಮಾಡು."

ಸೊಸೆ ಅತ್ತೆಯ ಮುಖ ನೋಡಿದಳು. ಅವಳಿಗೆ ಅರ್ಥವಾಗಿತ್ತು. ಮುಂದಿನ ವಾರದಿಂದ ಮೊದಲಿನ ಹಾಗೇ ಮಾಡ್ತಾರೆ ಬಿಡು ಎಂದು ಮಗಳಿಗೆ ಹೇಳಿ, ಅತ್ತೆಗೆ ಕಣ್ಸನ್ನೆ ಮಾಡಿದಳು. ಎಷ್ಟು ಸಲೀಸು. ಹೂಂ ಎಂದರೆ ಸಾಕಿತ್ತು. ಹುಡುಗಿ ನಗುತ್ತ ಕೂತಿದ್ದಳು, ಮನೆ ತಣ್ಣಗಿತ್ತು. ಆದರೆ ಅಜ್ಜಿಯ ನಾಲಿಗೆಯ ಮೇಲೆ ಮೂಲೆ ತುಂಡಿನ ರುಚಿ ಇನ್ನೂ ಇತ್ತು. ಅದನ್ನು ಬಾಯಲ್ಲಿಟ್ಟುಕೊಂಡು ಇನ್ನೊಂದು ಸುಳ್ಳು ಹೇಳಲು ಅವಳಿಂದ ಆಗಲಿಲ್ಲ.

"ಮೊದಲಿನದಕ್ಕೆಲ್ಲ ಬೆಣ್ಣೆ ಹಾಕಿದ್ದೆ ಮಗೂ. ಮೊಟ್ಟೆನೂ ಹಾಕಿದ್ದೆ. ಇದಕ್ಕೆ ಹಾಕಿಲ್ಲ. ಇದೊಂದೇ ನೀನು ಹೇಳಿದ ಹಾಗೆ ಮಾಡಿದ್ದು."

ಗುಬ್ಬಿ ಕೈಯಲ್ಲಿದ್ದ ತುಂಡನ್ನು ತಟ್ಟೆಯ ಅಂಚಿಗಿಟ್ಟಳು.

"ಎಲ್ಲದಕ್ಕೂನಾ?"

"ಎಲ್ಲದಕ್ಕೂ. ಬರ್ತಾ ಬರ್ತಾ ಕಡಿಮೆ ಮಾಡ್ದೆ. ಆದ್ರೂ ಇತ್ತು."

"ನಾನು ನಿನ್ನ ಹತ್ರ ತಪ್ಪಾಯ್ತು ಅಂದೆ. ಅವತ್ತೂ ಇತ್ತಾ?"

"ಅವತ್ತು ಎಲ್ಲಕ್ಕಿಂತ ಜಾಸ್ತಿ ಇತ್ತು."

ಮಗನಿಗೆ ಸಿಟ್ಟು ಬಂತು. ಇದು ಯಾವ ಬುದ್ಧಿ ಅಮ್ಮ ಎಂದು ದನಿ ಎತ್ತಿದ. ಅಜ್ಜಿ ತಲೆ ತಗ್ಗಿಸಿ, ನನ್ನದೇ ತಪ್ಪು, ನನ್ನ ಕೈಯೇ ಮಾಡಿದ್ದು ಎಂದಳು. ಸೊಸೆಯ ಹೆಸರು ಎತ್ತಲೇ ಇಲ್ಲ. ಎತ್ತುವುದಿಲ್ಲ ಎಂದು ಅದಾಗಲೇ ತೀರ್ಮಾನಿಸಿಕೊಂಡಿದ್ದಳು. ಸೊಸೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು.

"ಅವರನ್ನ ಬೈಬೇಡಿ. ಹೇಳಿದ್ದು ನಾನು. ಅತ್ತೆ ಮೊದಲು ಬೇಡ ಅಂದ್ರು, ನಾನೇ ಹಟ ಮಾಡ್ದೆ." ಮಗಳ ಕಡೆ ತಿರುಗಿದಳು. "ನೀನು ಬಿದ್ದೋದಾಗ ನನಗೆ ಬೇರೆ ಏನೂ ತೋಚ್ಲಿಲ್ಲ."

"ಡಾಕ್ಟರು ಏನು ತಿನ್ಬೇಕು ಅಂತ ಬರ್ಕೊಟ್ಟಿದ್ರಲ್ಲ ಅಮ್ಮ" ಎಂದಳು ಗುಬ್ಬಿ. ಅವಳ ದನಿ ಏರಲಿಲ್ಲ. "ನೀನು ಅದನ್ನ ಓದ್ಬೇಕಿತ್ತು. ನನ್ನ ಕೇಳ್ಬೇಕಿತ್ತು." ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಡಿಯಲಿಲ್ಲ, ಮೆಲ್ಲಗೆ ಹಾಕಿಕೊಂಡಳು. ಬಡಿದಿದ್ದರೆ ಚೆನ್ನಾಗಿತ್ತು ಎಂದು ಅಜ್ಜಿಗೆ ಅನ್ನಿಸಿತು.

ಅಂದಿನಿಂದ ಗುಬ್ಬಿ ಮನೆಯಲ್ಲಿ ಯಾರ ಕೈಯದನ್ನೂ ತಿನ್ನಲಿಲ್ಲ. ತನ್ನದೊಂದು ಪಾತ್ರೆ, ಒಂದು ಚಮಚ ಬೇರೆ ಮಾಡಿಕೊಂಡಳು. ತರಕಾರಿಯನ್ನು ತಾನೇ ತಂದು, ತಾನೇ ತೊಳೆದು, ಬೇಯಿಸಿ, ಕೋಣೆಗೆ ಒಯ್ದು ತಿನ್ನುವಳು. ಟೀ ಕೊಟ್ಟರೂ ಬೇಡ, ಕುಡಿಯುವ ನೀರನ್ನೂ ತಾನೇ ಹಿಡಿದುಕೊಳ್ಳುವಳು. ಬೈಯುವುದಿಲ್ಲ, ಮುಖ ಗಂಟು ಹಾಕುವುದಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಬಾಡಿಗೆಗೆ ಬಂದವರು ಇರುವ ಹಾಗೆ ಇರುತ್ತಾಳೆ. ಅಜ್ಜಿಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಸೊಸೆ ಡಾಕ್ಟರ ಚೀಟಿಯನ್ನು ಡ್ರಾಯರಿನಿಂದ ಹುಡುಕಿ ತೆಗೆದಳು. ಲಾಂಡ್ರಿಯಿಂದ ಬರುವಾಗ ಅದರಲ್ಲಿದ್ದ ಕಾಳು, ಸೊಪ್ಪು, ಖರ್ಜೂರ ತಂದು, ಬಿಚ್ಚದೆ, ಅಂಗಡಿಯವನು ಕಟ್ಟಿದ ಗಂಟು ಹಾಗೇ ಇರುವಂತೆ ಮಗಳ ಪಾತ್ರೆಯ ಪಕ್ಕ ಇಡುವಳು. ಗುಬ್ಬಿ ಮೊದಮೊದಲು ಗಂಟು ಪರೀಕ್ಷಿಸಿ ಬಿಚ್ಚುತ್ತಿದ್ದಳು. ಆಮೇಲಾಮೇಲೆ ಪರೀಕ್ಷಿಸುವುದನ್ನು ಬಿಟ್ಟಳು. ಮತ್ತೆ ರಕ್ತ ಪರೀಕ್ಷೆಗೆ ಅಮ್ಮನನ್ನೇ ಕರೆದುಕೊಂಡು ಹೋದಳು. ಸುಧಾರಿಸಿದೆ ಎಂದರಂತೆ. ಆ ಸುದ್ದಿ ಹೇಳುವಾಗ ಸೊಸೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ತಾಯಿಗೂ ಮಗಳಿಗೂ ಹೀಗೆ ಸಂದು ಕೂಡಿತು. ಅಜ್ಜಿಯ ಪಾಲಿಗೆ ಮಾತ್ರ ಏನೂ ಕೂಡಿಬರಲಿಲ್ಲ. ತಾಯಿ ಹೇಳಿದವಳು, ತಾನು ಮಾಡಿದವಳು. ಹೇಳಿದ ಬಾಯಿಗಿಂತ ಮಾಡಿದ ಕೈಯನ್ನು ಕ್ಷಮಿಸುವುದು ಕಷ್ಟ ಎಂಬುದು ಅವಳಿಗೆ ಗೊತ್ತಿತ್ತು. ನಾನು ಹೋಗಿ ಅವಳ ಹತ್ತಿರ ಮಾತಾಡಲೇ ಎಂದು ಮಗ ಕೇಳಿದ. ಬೇಡ, ಅವಳ ಬಾಯಿ ಅವಳದು ಎಂದಳು.

ಅಜ್ಜಿ ಓವನ್ನಿಗೆ ಬಟ್ಟೆ ಮುಚ್ಚಿಟ್ಟಳು. ಗುಬ್ಬಿ ಮೂರು ನಾಲ್ಕು ದಿನಕ್ಕೊಮ್ಮೆ ಕಡಲೆ ಬೇಯಿಸಿ, ನೀರನ್ನು ಸಿಂಕಿಗೆ ಸುರಿಯುವಳು. ಅಜ್ಜಿ ಅಲ್ಲೇ ಕೂತು ನೋಡುವಳು. ಆ ಬಿಳಿಯ ಲೋಳೆ ತೂತಿನಲ್ಲಿ ಇಳಿದುಹೋಗುವಾಗಲೆಲ್ಲ ಎದ್ದು ಹೋಗಿ ತಡೆಯಬೇಕೆನಿಸುವುದು. ಚೆಲ್ಲಬೇಡ ಎನ್ನಲು ತನಗೆ ಈಗ ಯಾವ ಅಧಿಕಾರ? ಬಾಯಿ ಬಿಗಿದುಕೊಂಡು ಬೀನ್ಸು ಬಿಡಿಸುವಳು.

ಮಳೆಗಾಲ ಮುಗಿದು ಬಿಸಿಲು ಬಂದ ಒಂದು ಭಾನುವಾರ ಗುಬ್ಬಿ ಎಂದಿನಂತೆ ಕಡಲೆ ಸೋಸಿದಳು. ನೀರಿನ ಪಾತ್ರೆಯನ್ನು ಸಿಂಕಿನವರೆಗೆ ಒಯ್ದವಳು ಅಲ್ಲೇ ನಿಂತಳು. ಹಿಂತಿರುಗಿ ಬಂದು ಅಜ್ಜಿಯ ಎದುರಿಗೆ ಮೇಜಿನ ಮೇಲಿಟ್ಟಳು.

"ಇದನ್ನೇ ಅಲ್ವಾ ಅವತ್ತು ಹಾಕಿದ್ದು? ಅಪ್ಪನ ಹತ್ರ ಹೇಳಿದ್ಯಂತೆ, ಅವರೇ ಹೇಳಿದ್ರು. ತೋಳು ನೋವು ಬರೋವರೆಗೂ ಹೊಡೀತಿದ್ದೆ ಅಂತೆ."

ಅಜ್ಜಿ ಹೂಂ ಎಂದಳು.

"ಮಾಡು. ನಾನು ಇಲ್ಲೇ ಇರ್ತೀನಿ."

ಗುಬ್ಬಿ ಮೂಲೆಯಲ್ಲಿದ್ದ ಹಳೆಯ ಸ್ಟೂಲನ್ನು ಎಳೆದುಕೊಂಡು ಕೂತಳು. ಈಗ ಅದು ಅವಳಿಗೆ ತೀರ ಗಿಡ್ಡ, ಮೊಣಕಾಲು ಎದೆಗೆ ಬರುತ್ತಿತ್ತು. ಅಜ್ಜಿ ಓವನ್ನಿನ ಬಟ್ಟೆ ತೆಗೆದಳು. ಎಣ್ಣೆಯ ಡಬ್ಬಿ, ಮೈದಾ, ಸಕ್ಕರೆ, ಕೋಕೋ, ಚಾಕೊಲೇಟು ಎಲ್ಲವನ್ನೂ ಹುಡುಗಿಯ ಕಡೆಗೆ ಮುಖ ಮಾಡಿ ಸಾಲಾಗಿಟ್ಟಳು. ಬೇಡ ಎನ್ನಲಿಲ್ಲ ಗುಬ್ಬಿ. ಒಂದೊಂದನ್ನೂ ನೋಡಿದಳು. ನೊರೆ ಏಳದೆ ಅಜ್ಜಿಯ ತೋಳು ಸೋತಾಗ ಎದ್ದು ಬಂದು ಕಡೆಗೋಲು ಇಸಿದುಕೊಂಡು ತಾನೂ ಒಂದಷ್ಟು ಹೊಡೆದು, ವಾಪಸು ಕೊಟ್ಟು, ಮತ್ತೆ ಹೋಗಿ ಕೂತಳು. ಹಿಟ್ಟು ಹಾಕಿದ ಮೇಲೆ ಜಾಸ್ತಿ ತಿರುವಬಾರದು ಎಂದು ಅಜ್ಜಿ ಮೆಲ್ಲಗೆ ಹೇಳಿದಳು. ಅವತ್ತು ಹೇಳದೆ ನುಂಗಿದ್ದ ಮಾತುಗಳೆಲ್ಲ ಒಂದೊಂದಾಗಿ ಹೊರಬಂದವು. ಬಾಗಿಲು ತೆರೆಯಬಾರದು. ಕಡ್ಡಿ ಚುಚ್ಚಿದರೆ ತುದಿಗೆ ಸ್ವಲ್ಪ ಅಂಟಿರಬೇಕು, ಒಣಗಿದ್ದರೆ ತಡವಾಯಿತು ಅಂತ. ಆರುವವರೆಗೆ ಚಾಕು ಮುಟ್ಟಬಾರದು. ಗುಬ್ಬಿ ಹೂಂ, ಹೂಂ ಎನ್ನುತ್ತ ಕೇಳಿದಳು. ತಟ್ಟೆ ಆರುವವರೆಗೆ ಇಬ್ಬರೂ ಕಾದು ಕೂತರು.

ಅಜ್ಜಿ ಮೂಲೆ ತುಂಡು ಕತ್ತರಿಸಿದಳು. ಅಭ್ಯಾಸಬಲದಿಂದ ಇನ್ನೊಂದು ಮೂಲೆಯನ್ನೂ ಕತ್ತರಿಸಿ ತಟ್ಟೆಯಲ್ಲಿಟ್ಟು ಹುಡುಗಿಯ ಮುಂದಕ್ಕೆ ಸರಿಸಿದಳು. ಗುಬ್ಬಿ ಕೈ ಹಾಕಲಿಲ್ಲ.

"ಬೆಣ್ಣೆ ಹಾಕದ ಅವತ್ತೊಂದು ದಿನ ಬಿಟ್ರೆ ಅಷ್ಟೂ ವಾರ ನೀನು ಮೂಲೆ ತುಂಡು ತಿಂದೇ ಇರ್ಲಿಲ್ಲ. ಹಲ್ಲುನೋವು ಅಂದೆ. ನಾನು ಗಮನಿಸ್ಬೇಕಿತ್ತು."

"ಇನ್ನು ಮೇಲೆ ನಾನು ತಿನ್ನದೆ ಕೊಟ್ರೆ ತಿನ್ಬೇಡ" ಎಂದಳು ಅಜ್ಜಿ.

ತುಂಡನ್ನು ಬಾಯಿಗಿಟ್ಟಳು. ಗುಬ್ಬಿ ಚಿಕ್ಕವಳಿದ್ದಾಗಿನಂತೆಯೇ ಸ್ಟೂಲಿನ ಮೇಲಿಂದ ಅಜ್ಜಿಯ ಬಾಯನ್ನೇ ನೋಡುತ್ತ ಕಾದಳು. ಆಗ ಅವಳು ಕಾಯುತ್ತಿದ್ದುದು ಆಸೆಗೆ. ಈಗ ಕಾಯುತ್ತಿದ್ದುದು ಬೇರೆಯದಕ್ಕೆ ಎಂಬುದು ಅಜ್ಜಿಗೆ ತಿಳಿಯದೆ ಇರಲಿಲ್ಲ. ಅದು ತಾನೇ ಮಾಡಿಕೊಂಡದ್ದು, ಅದನ್ನೂ ತುಂಡಿನ ಜೊತೆಗೇ ಅಗಿದಳು. ಕಷ್ಟಪಟ್ಟು ನುಂಗಿದಳು.

ಅವಳು ನುಂಗಿದ ಮೇಲೆ ಗುಬ್ಬಿ ತನ್ನ ತುಂಡನ್ನು ಎತ್ತಿಕೊಂಡಳು. ಅರ್ಧ ಕಚ್ಚಿ, ಅಗಿದು, ಉಳಿದರ್ಧವನ್ನೂ ತಿಂದಳು.

"ಮೊದಲಿನಷ್ಟು ರುಚಿ ಇಲ್ಲ" ಎಂದಳು.

"ಇಲ್ಲ" ಎಂದಳು ಅಜ್ಜಿ.

ಗುಬ್ಬಿ ಇನ್ನೊಂದು ತುಂಡಿಗೆ ಕೈ ಚಾಚಿದಳು.